ಹಡಗಿನ ಹೊಸ್ತಿಲು: ಗಾಲಿಕುರ್ಚಿಯ ಸಂಗಾತಿಯೊಡನೆ ಕಡಲಯಾನ

ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಹಡಗಿನ ಪ್ರವಾಸವೇ ಸರಿ ಎಂಬ ಮಾತು ಈಗ ಟ್ರಾವೆಲ್ ಏಜೆಂಟರಿಂದ ಹಿಡಿದು ಮದುವೆ ಮನೆಯ ಪರಿಚಿತರವರೆಗೆ ಎಲ್ಲರ ಬಾಯಲ್ಲೂ ಇದೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಸ್ಸಿನಲ್ಲಿ ಹತ್ತು ಊರು ಸುತ್ತುವ ಪ್ರವಾಸದಲ್ಲಿ ದಿನಕ್ಕೊಂದು ಹೋಟೆಲು, ಹೋಟೆಲಿಗೊಂದು ಬಗೆಯ ಮೆಟ್ಟಿಲು, ಬೆಳಗಾದರೆ ಪೆಟ್ಟಿಗೆ ಕಟ್ಟುವ ಅವಸರ. ಹಡಗಿನಲ್ಲಾದರೆ ಕೋಣೆಯೇ ನಮ್ಮೊಂದಿಗೆ ಪ್ರಯಾಣ ಮಾಡುತ್ತದೆ. ಪೆಟ್ಟಿಗೆ ಬಿಚ್ಚುವುದು ಒಮ್ಮೆ, ಕಟ್ಟುವುದು ಒಮ್ಮೆ. ಊಟದ ಮನೆ, ರಂಗಮಂದಿರ, ಗ್ರಂಥಾಲಯ, ಆಸ್ಪತ್ರೆ ಎಲ್ಲವೂ ಲಿಫ್ಟ್ ಇಳಿದರೆ ಸಿಗುವಷ್ಟು ಹತ್ತಿರ.

ಆದರೆ ಈ ಸಲಹೆ ಕೊಡುವವರು ಹಡಗಿನ ಒಳಗನ್ನು ಮಾತ್ರ ನೆನೆಯುತ್ತಾರೆ. ತೊಂದರೆ ಇರುವುದು ಅಂಚಿನಲ್ಲಿ: ಕೋಣೆಯ ಬಾಗಿಲಿನಲ್ಲಿ, ಹಡಗಿಗೂ ದಡಕ್ಕೂ ನಡುವಿನ ಮೂರು ಗೇಣು ನೀರಿನಲ್ಲಿ, ಅಪಾಯದ ಗಂಟೆ ಮೊಳಗಿದಾಗ ನಿಂತುಹೋಗುವ ಲಿಫ್ಟಿನಲ್ಲಿ. ಈ ಮೂರನ್ನು ಹಣ ಕಟ್ಟುವ ಮುನ್ನವೇ ಬಗೆಹರಿಸಿಕೊಂಡವರಿಗೆ ಹಡಗಿನ ಪ್ರವಾಸದಷ್ಟು ಹಗುರವಾದುದು ಇನ್ನೊಂದಿಲ್ಲ. ಬಗೆಹರಿಸಿಕೊಳ್ಳದೆ ಹೊರಟರೆ ದಂಪತಿಯಲ್ಲಿ ಒಬ್ಬರು ಪ್ರವಾಸಿ, ಇನ್ನೊಬ್ಬರು ಕಿಟಕಿಯ ಬಳಿ ಕುಳಿತ ಪ್ರೇಕ್ಷಕ.

ನನ್ನ ಪತ್ನಿ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯ ಬಳಿಕ ಗಾಲಿಕುರ್ಚಿ ಹಿಡಿದು ಹನ್ನೊಂದು ವರ್ಷಗಳಾದವು. ಆಸರೆ ಹಿಡಿದು ಅರೆ ನಿಮಿಷ ನಿಲ್ಲಬಲ್ಲಳು, ಹೆಜ್ಜೆ ಇಡಲಾರಳು. ಮಗಳು ಸಿಯಾಟಲ್‌ನಲ್ಲಿ ನೆಲೆಸಿರುವುದರಿಂದ 2023ರ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಅಲಾಸ್ಕಾಕ್ಕೆ ಏಳು ರಾತ್ರಿಗಳ ಹಡಗು ಪ್ರವಾಸ ಮಾಡಿದೆವು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ಕನ್ನಡಿಗ ತಂದೆತಾಯಂದಿರು ಬಹಳ ಮಂದಿ ಈ ದಾರಿ ಹಿಡಿಯುತ್ತಾರೆ. ಆದ್ದರಿಂದ ಅದನ್ನೇ ಮಾದರಿಯಾಗಿಟ್ಟುಕೊಂಡು ವಿಷಯ ಬಿಡಿಸುವುದು ಒಳಿತು.

ಇಪ್ಪತ್ತಮೂರು ಇಂಚಿನ ಬಾಗಿಲು

ಹಡಗಿನ ಸಾಧಾರಣ ಕೋಣೆಯ ಬಾಗಿಲು ಇಪ್ಪತ್ತೆರಡು-ಇಪ್ಪತ್ತಮೂರು ಇಂಚು ಅಗಲವಿರುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಮಡಚುವ ಗಾಲಿಕುರ್ಚಿಯ ಒಟ್ಟು ಅಗಲ, ಚಕ್ರ ಮತ್ತು ಕೈಬಳೆ ಸೇರಿ, ಇಪ್ಪತ್ತನಾಲ್ಕರಿಂದ ಇಪ್ಪತ್ತಾರು ಇಂಚು. ಲೆಕ್ಕ ಅಲ್ಲಿಗೇ ಮುಗಿಯಿತು. ಸಾಧಾರಣ ಕೋಣೆ ಕಾಯ್ದಿರಿಸಿ "ಹೇಗೋ ಹೊಂದಿಸಿಕೊಳ್ಳೋಣ" ಎಂದು ಹೊರಟವರು ಏಳು ದಿನವೂ ಕುರ್ಚಿಯನ್ನು ಹೊರಗೆ ಮಡಚಿ, ಸಂಗಾತಿಯನ್ನು ತೋಳಿನಲ್ಲಿ ಎತ್ತಿ ಒಳಗೆ ಒಯ್ಯಬೇಕಾಗುತ್ತದೆ. ಕುರ್ಚಿಯನ್ನು ಓಣಿಯಲ್ಲಿ ಬಿಡುವಂತೆಯೂ ಇಲ್ಲ. ಬೆಂಕಿ ಬಿದ್ದಾಗ ದಾರಿ ತೆರವಾಗಿರಬೇಕೆಂಬ ನಿಯಮದಿಂದಾಗಿ ಗಾಲಿಕುರ್ಚಿ, ಬ್ಯಾಟರಿ ಸ್ಕೂಟರ್‌ಗಳೆಲ್ಲ ಕೋಣೆಯ ಒಳಗೇ ಇರಬೇಕು.

ಇದಕ್ಕಾಗಿಯೇ ಪ್ರತ್ಯೇಕ ಕೋಣೆಗಳಿರುತ್ತವೆ. ಅಲ್ಲಿ ಬಾಗಿಲು ಮೂವತ್ತೆರಡು ಇಂಚು ಅಥವಾ ಅದಕ್ಕಿಂತ ಹೆಚ್ಚು. ಒಳಗೆ ಕುರ್ಚಿ ಒಂದು ಸುತ್ತು ತಿರುಗಲು ಐದು ಅಡಿ ವ್ಯಾಸದ ತೆರವು. ಸ್ನಾನದ ಕೋಣೆಗೆ ಹೊಸ್ತಿಲಿಲ್ಲ, ಕುರ್ಚಿ ನೇರ ಒಳಗೆ ಉರುಳುತ್ತದೆ. ಗೋಡೆಗೆ ಮಡಚುವ ಆಸನ, ಹಿಡಿಕಂಬಿ, ಕೈಯಲ್ಲಿ ಹಿಡಿಯುವ ಶವರ್. ಆದರೆ ಸಾವಿರಕ್ಕೂ ಹೆಚ್ಚು ಕೋಣೆಗಳಿರುವ ಹಡಗಿನಲ್ಲಿ ಇಂಥವು ಕೆಲವು ಹತ್ತುಗಳಷ್ಟೇ. ಅಲಾಸ್ಕಾದ ಹಂಗಾಮು ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಮಾತ್ರ ಇರುವುದರಿಂದ ಒಂದು ವರ್ಷ ಮೊದಲೇ ಇವು ಖಾಲಿಯಾಗುವುದುಂಟು.

ಇನ್ನೊಂದು ಗುಂಡಿಯಿದೆ, ನಾವು ಅದರಲ್ಲಿ ಬಿದ್ದವರು. ಬಹುತೇಕ ಕಂಪನಿಗಳು ಈ ಕೋಣೆಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತವೆ. ಪೂರ್ಣಾವಧಿ ಗಾಲಿಕುರ್ಚಿಯಲ್ಲಿರುವವರಿಗೆ ಒಂದು, ಊರುಗೋಲು ಹಿಡಿದು ನಡೆಯಬಲ್ಲವರಿಗೆ ಇನ್ನೊಂದು. ಎರಡನೆಯದರಲ್ಲಿ ಹಿಡಿಕಂಬಿಗಳಿರುತ್ತವೆ, ಆದರೆ ಕುರ್ಚಿ ತಿರುಗುವಷ್ಟು ಜಾಗವಿರುವುದಿಲ್ಲ. ಪಟ್ಟಿಯಲ್ಲಿ ಎರಡಕ್ಕೂ ಅದೇ ಕುರ್ಚಿಯ ಗುರುತು. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟರು ಗುರುತು ನೋಡಿ ಎರಡನೆಯ ಬಗೆಯ ಕೋಣೆ ಹಿಡಿದಿದ್ದರು. ಹೊರಡಲು ಮೂರು ತಿಂಗಳಿದ್ದಾಗ, ಸ್ನಾನದ ಕೋಣೆಯ ಬಾಗಿಲು ಎಷ್ಟು ಅಗಲ ಎಂದು ಮಗಳು ಹಡಗಿನ ಕಂಪನಿಗೇ ದೂರವಾಣಿ ಮಾಡಿ ಕೇಳಿದಾಗ ಸಂಗತಿ ಹೊರಬಿತ್ತು. ಆ ಹಡಗಿನಲ್ಲಿ ಬೇರೆ ಕೋಣೆ ಉಳಿದಿರಲಿಲ್ಲ. ಇನ್ನೊಂದು ಹಡಗು, ಇನ್ನೊಂದು ದಿನಾಂಕ, ಮುಂಗಡದಲ್ಲಿ ಒಂದು ಪಾಲು ಖೋತಾ. ಅಂದಿನಿಂದ ನಾನು "ಗಾಲಿಕುರ್ಚಿಗೆ ಅನುಕೂಲವಿದೆ" ಎಂಬ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ, ಎಷ್ಟು ಇಂಚು ಎಂದು ಮಾತ್ರ ಕೇಳುತ್ತೇನೆ.

ಕೇಳಬೇಕಾದ ಅಳತೆಗಳು ಬಾಗಿಲಿಗೆ ಮುಗಿಯುವುದಿಲ್ಲ. ಮಂಚದ ಎತ್ತರ ಎಷ್ಟು? ಮಂಚದ ಕೆಳಗೆ ತೆರವಿದೆಯೇ, ಇಲ್ಲ ಪೆಟ್ಟಿಗೆಯಂತೆ ಮುಚ್ಚಿದೆಯೇ? ಎತ್ತುಯಂತ್ರ ಬಳಸುವವರಿಗೆ ಅದರ ಕಾಲುಗಳು ಮಂಚದಡಿ ತೂರಲೇಬೇಕು. ಬಾಲ್ಕನಿ ಇದ್ದರೆ ಅದರ ಹೊಸ್ತಿಲಿಗೆ ಇಳಿಜಾರು ಹಲಗೆ ಕೊಡುತ್ತಾರೆಯೇ? ಮಲಗುವ ಕೋಣೆ ಲಿಫ್ಟಿನಿಂದ ಎಷ್ಟು ದೂರ? ಮಂದವಾದ ನೆಲಹಾಸಿನ ಮೇಲೆ ನೂರು ಮೀಟರ್ ಕುರ್ಚಿ ತಳ್ಳುವುದೆಂದರೆ ಅರವತ್ತು ದಾಟಿದ ಗಂಡನಿಗೆ ಅದೇ ದಿನದ ವ್ಯಾಯಾಮ. ಉತ್ತರಗಳನ್ನು ಬರಹದಲ್ಲಿ ತರಿಸಿಕೊಂಡು, ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕುರ್ಚಿ ತಿರುಗಿಸಿ ನೋಡಿದರೆ ಅನುಮಾನ ಉಳಿಯುವುದಿಲ್ಲ. ನಾವು ಹಾಗೆಯೇ ಮಾಡಿದೆವು.

ಹ್ಯೂಸ್ಟನ್‌ನಿಂದ ಹೊರಟ ದಾವೆ

ಹಡಗುಗಳಲ್ಲಿ ಇಷ್ಟಾದರೂ ಏರ್ಪಾಡು ತಾನಾಗಿ ಬಂದುದಲ್ಲ. ವಿಹಾರ ನೌಕೆಗಳಲ್ಲಿ ಬಹುಪಾಲು ಬಹಾಮಾಸ್, ಪನಾಮಾ ಮುಂತಾದ ದೇಶಗಳಲ್ಲಿ ನೋಂದಣಿಯಾದವು. ಅಮೆರಿಕದ ಬಂದರಿನಿಂದ, ಅಮೆರಿಕದ ಪ್ರಯಾಣಿಕರನ್ನೇ ತುಂಬಿಕೊಂಡು ಹೊರಟರೂ ಹಾರುವ ಬಾವುಟ ಬೇರೆ. ಅಮೆರಿಕದಲ್ಲಿ ವಿಕಲಚೇತನರ ಕಾಯಿದೆ 1990ರಲ್ಲೇ ಬಂದಿದ್ದರೂ ಪರದೇಶಿ ಬಾವುಟದ ಹಡಗಿಗೆ ಅದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಇತ್ಯರ್ಥವಾಗಿರಲಿಲ್ಲ.

1998 ಮತ್ತು 1999ರಲ್ಲಿ ಹ್ಯೂಸ್ಟನ್‌ನಿಂದ ಹೊರಡುವ ನಾರ್ವೇಜಿಯನ್ ಕ್ರೂಸ್ ಲೈನ್ ಹಡಗುಗಳಿಗೆ ಟಿಕೆಟ್ ಕೊಂಡಿದ್ದ ಕೆಲವರು ನ್ಯಾಯಾಲಯಕ್ಕೆ ಹೋದರು. ಅರ್ಜಿದಾರರಲ್ಲಿ ವಿಕಲಚೇತನರಷ್ಟೇ ಅಲ್ಲದೆ ಅವರ ಜೊತೆಗೆ ಹೊರಟಿದ್ದ ಸಂಗಾತಿಗಳೂ ಇದ್ದರೆಂಬುದು ಗಮನಾರ್ಹ. ತಮಗೆ ಹೆಚ್ಚು ದರ ವಿಧಿಸಲಾಗಿದೆ, ಹಡಗಿನ ಹಲವು ಭಾಗಗಳಿಗೆ ತಾವು ಹೋಗಲಾಗದು, ತುರ್ತು ಪರಿಸ್ಥಿತಿಯ ತಾಲೀಮನ್ನು ತಾವು ತಲುಪಲಾಗದ ಜಾಗದಲ್ಲಿ ನಡೆಸುತ್ತಾರೆ ಎಂಬುವು ಅವರ ದೂರುಗಳಲ್ಲಿ ಕೆಲವು. 2005ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಪೆಕ್ಟರ್ ಪ್ರಕರಣವೆಂದು ಹೆಸರಾದ ಈ ದಾವೆಯಲ್ಲಿ, ಅಮೆರಿಕದ ನೀರಿನಲ್ಲಿರುವ ಪರದೇಶಿ ಹಡಗಿಗೂ ಕಾಯಿದೆ ಅನ್ವಯಿಸುತ್ತದೆಂದು ಹೇಳಿತು. ಅಂತರರಾಷ್ಟ್ರೀಯ ಸುರಕ್ಷತಾ ನಿಯಮಗಳಿಗೆ ಭಂಗ ತರುವಂಥ ಕಟ್ಟಡ ಬದಲಾವಣೆಯನ್ನು ಮಾತ್ರ ಒತ್ತಾಯಿಸುವಂತಿಲ್ಲ. 2010ರಲ್ಲಿ ಅಲ್ಲಿನ ಸಾರಿಗೆ ಇಲಾಖೆ ಪ್ರಯಾಣಿಕ ಹಡಗುಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಹೊರಡಿಸಿತು. ವಿಕಲಚೇತನರೆಂಬ ಕಾರಣಕ್ಕೆ ಹೆಚ್ಚು ದರ ಕೇಳುವಂತಿಲ್ಲವೆಂಬುದು ಅದರಲ್ಲಿ ಸೇರಿದೆ.

ಯೂರೋಪಿನ ಒಕ್ಕೂಟದಲ್ಲಿಯೂ ಕಡಲ ಪ್ರಯಾಣಿಕರ ಹಕ್ಕುಗಳ ನಿಯಮ 2012ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಹಡಗಿನವರು ಅಥವಾ ಬಂದರಿನವರು ಗಾಲಿಕುರ್ಚಿಯನ್ನು ಮುರಿದರೆ ಅದರ ದುರಸ್ತಿಯ ಇಲ್ಲವೇ ಬದಲಿ ಕುರ್ಚಿಯ ವೆಚ್ಚ ಅವರೇ ತೆರಬೇಕೆಂದು ಅದು ಹೇಳುತ್ತದೆ.

ಬಂದರಿಗೆ ಮುಟ್ಟುವವರೆಗೆ

ಬೆಂಗಳೂರಿನಿಂದ ಸಿಯಾಟಲ್‌ವರೆಗಿನ ವಿಮಾನದ ಕಷ್ಟ ಬೇರೆಯೇ ಲೇಖನಕ್ಕೆ ಸರಕು. ಎರಡು ಮಾತು ಮಾತ್ರ. ವಿಮಾನದವರಿಗೆ ಕನಿಷ್ಠ 48 ಗಂಟೆ ಮುಂಚೆ ಲಿಖಿತವಾಗಿ ತಿಳಿಸಿ, ಸ್ವಂತ ಕುರ್ಚಿಯನ್ನು ವಿಮಾನದ ಬಾಗಿಲಿನವರೆಗೆ ಒಯ್ದು ಅಲ್ಲೇ ಹಿಂದಕ್ಕೆ ಪಡೆಯುವಂತೆ ಕೋರಬೇಕು. ಬ್ಯಾಟರಿ ಕುರ್ಚಿಯಾದರೆ ಬ್ಯಾಟರಿಯ ಬಗೆ ಮತ್ತು ಸಾಮರ್ಥ್ಯ ಬರೆದ ಕಾಗದ ಕೈಯಲ್ಲಿರಬೇಕು. ಕಳಚಿ ಕೈಚೀಲದಲ್ಲಿ ಒಯ್ಯುವ ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ 300 ವ್ಯಾಟ್-ಅವರ್ ಮಿತಿ.

ವೀಸಾ ವಿಷಯದಲ್ಲಿ ಎಡವುವವರು ಬಹಳ. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಅಲಾಸ್ಕಾ ಹಡಗು ನಡುವೆ ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ಒಂದು ಸಂಜೆ ನಿಲ್ಲುತ್ತದೆ. ಅದು ಊರು ತೋರಿಸುವ ಪ್ರೀತಿಯಿಂದಲ್ಲ. ಪರದೇಶಿ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸಾಗಿಸಬಾರದೆಂಬ 1886ರ ಕಾಯಿದೆಯ ಕಾರಣಕ್ಕೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆದ್ದರಿಂದ ಕೆನಡಾದ ವೀಸಾ ಕೂಡ ಬೇಕು.

ಹಡಗಿಗೂ ದಡಕ್ಕೂ ನಡುವೆ

ಇನ್ನು ಪ್ರವಾಸದ ನಿಜವಾದ ಕಗ್ಗಂಟು. ಹಡಗು ಧಕ್ಕೆಗೆ ತಾಗಿ ನಿಂತರೆ ಇಳಿಯಲು ಒಂದು ಸೇತುಪಟ್ಟಿ ಹಾಕುತ್ತಾರೆ. ಅದರ ಇಳಿಜಾರು ಉಬ್ಬರ ಇಳಿತವನ್ನು ಅವಲಂಬಿಸಿದೆ. ಮಂಗಳೂರಿನಲ್ಲಿ ಭರತಕ್ಕೂ ಇಳಿತಕ್ಕೂ ಎರಡು ಮೀಟರ್‌ಗಿಂತ ಕಡಿಮೆ ಅಂತರ. ಅಲಾಸ್ಕಾದ ಜೂನೋ ಪಟ್ಟಣದಲ್ಲಿ ದೊಡ್ಡ ಭರತದ ದಿನಗಳಲ್ಲಿ ನೀರು ಇಪ್ಪತ್ತು ಅಡಿಗೂ ಹೆಚ್ಚು ಏರಿಳಿಯುತ್ತದೆ. ಬೆಳಗ್ಗೆ ಸಲೀಸಾಗಿ ಇಳಿದ ಪಟ್ಟಿ ಮಧ್ಯಾಹ್ನ ಮರಳುವಾಗ ಗೋಡೆಯಂತೆ ನಿಂತಿರಬಹುದು. ಜೂನೋದಲ್ಲಿ ನೀರಿನೊಂದಿಗೆ ಏರಿಳಿಯುವ ತೇಲು ಧಕ್ಕೆಗಳನ್ನು ಕಟ್ಟಿರುವುದರಿಂದ ಹಡಗಿಗೂ ಧಕ್ಕೆಗೂ ನಡುವಿನ ಅಂತರ ಬದಲಾಗುವುದಿಲ್ಲ. ಆದರೆ ಧಕ್ಕೆಯಿಂದ ನೆಲಕ್ಕೆ ಇರುವ ಸೇತುವೆಯ ಇಳಿಜಾರು ಬದಲಾಗಿಯೇ ಆಗುತ್ತದೆ. ಹಡಗಿನ ಸಿಬ್ಬಂದಿ ಇಬ್ಬರು ಬಂದು ಕುರ್ಚಿ ಹಿಡಿಯುತ್ತಾರೆ, ಕೇಳಲು ಸಂಕೋಚ ಬೇಡ. ಇಳಿಯುವಾಗ ಹಿಮ್ಮುಖವಾಗಿ ಇಳಿಸಬೇಕೆಂಬುದನ್ನು ಮಾತ್ರ ಮರೆಯಬಾರದು. ಮುಮ್ಮುಖವಾಗಿ ಇಳಿಸಿದರೆ ಕುಳಿತವರ ಎದೆ ಝಲ್ಲೆನ್ನುತ್ತದೆ. ಬಿಡುವಿನ ವೇಳೆಯಲ್ಲಿ, ಕಡಿಮೆ ಇಳಿಜಾರಿನ ಹೊತ್ತು ಯಾವುದೆಂದು ಸ್ವಾಗತ ಮೇಜಿನಲ್ಲಿ ಕೇಳಿಟ್ಟುಕೊಂಡರೆ ಅರ್ಧ ಕಷ್ಟ ಕಳೆಯಿತು.

ಧಕ್ಕೆಯೇ ಇಲ್ಲದ ಬಂದರುಗಳಲ್ಲಿ ಹಡಗು ದೂರದಲ್ಲಿ ಲಂಗರು ಹಾಕುತ್ತದೆ. ಪ್ರಯಾಣಿಕರನ್ನು ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ನಮ್ಮ ಕರಾವಳಿಯ ಹಿರಿಯರಿಗೆ ಇದು ಹೊಸತಲ್ಲ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಏಳುವ ಮುನ್ನ ದೊಡ್ಡ ಹಡಗುಗಳು ಅಳಿವೆ ಬಾಗಿಲಿನ ಹೂಳಿಗೆ ಹೆದರಿ ಹೊರಗಡಲಲ್ಲೇ ನಿಲ್ಲುತ್ತಿದ್ದವು, ದೋಣಿಗಳೇ ಹಳೆಬಂದರಿಗೆ ಸರಕು ತರುತ್ತಿದ್ದವು. ಟೆಂಡರ್‌ನ ತೊಂದರೆ ದೋಣಿಯಲ್ಲಿಲ್ಲ, ದೋಣಿಗೆ ದಾಟುವ ಆ ಒಂದು ಹೆಜ್ಜೆಯಲ್ಲಿದೆ. ಹಡಗಿನ ಹಲಗೆ ಒಂದು ತಾಳದಲ್ಲಿ ಆಡುತ್ತದೆ, ದೋಣಿ ಇನ್ನೊಂದು ತಾಳದಲ್ಲಿ. ನಡೆಯಬಲ್ಲವರೂ ನಾವಿಕನ ಕೈ ಹಿಡಿದು ಹೊತ್ತು ನೋಡಿ ದಾಟಬೇಕು. ಅನೇಕ ಕಂಪನಿಗಳು ನೂರು ಕಿಲೋ ತೂಗುವ ಬ್ಯಾಟರಿ ಕುರ್ಚಿಯನ್ನು ಟೆಂಡರ್‌ಗೆ ಹತ್ತಿಸುವುದಿಲ್ಲ. ಸಿಬ್ಬಂದಿ ಪ್ರಯಾಣಿಕರನ್ನು ಎತ್ತಿ ದಾಟಿಸುವಂತಿಲ್ಲವೆಂಬ ನಿಯಮವಿರುವ ಹಡಗುಗಳೂ ಉಂಟು. ಕೆಲವೆಡೆ ಕುರ್ಚಿ ನೇರ ಉರುಳುವಂತೆ ಎತ್ತುಹಲಗೆಗಳಿವೆ. ಎಲ್ಲಕ್ಕೂ ಮಿಗಿಲಾಗಿ ಅಂದಿನ ಅಲೆ ನೋಡಿ ಕಪ್ತಾನ ಕೊಡುವ ತೀರ್ಮಾನವೇ ಕೊನೆಯದು, ಅದಕ್ಕೆ ಮೇಲ್ಮನವಿ ಇಲ್ಲ.

ಆದುದರಿಂದ ಬಂದರುಗಳ ಪಟ್ಟಿ ಓದುವಾಗ ಹೆಸರಿಗಿಂತ ಮುಖ್ಯವಾದ ಪ್ರಶ್ನೆ: ಇಲ್ಲಿ ಧಕ್ಕೆಯೋ, ಟೆಂಡರೋ? ಗ್ರೀಸಿನ ಸ್ಯಾಂಟೊರಿನಿಯಂಥ ಹೆಸರಾಂತ ದ್ವೀಪದಲ್ಲಿ ದೊಡ್ಡ ಹಡಗುಗಳು ಹೊರಗೇ ನಿಲ್ಲುತ್ತವೆ. ಟೆಂಡರಿನಲ್ಲಿ ದಡ ಸೇರಿದರೂ ಊರು ಇರುವುದು ಕಡಿದಾದ ಬಂಡೆಯ ನೆತ್ತಿಯಲ್ಲಿ. ಭಿತ್ತಿಚಿತ್ರ ನೋಡಿ ಟಿಕೆಟ್ ಕೊಂಡವರು ಅದನ್ನು ಹಡಗಿನಿಂದಲೇ ನೋಡಿ ಬರುತ್ತಾರೆ.

ಯಾರೂ ಇಳಿಯದ ದಿನ

ಅಲಾಸ್ಕಾದ ದಾರಿ ಈ ದೃಷ್ಟಿಯಿಂದ ಗಾಲಿಕುರ್ಚಿಗೆ ಸ್ನೇಹದ ದಾರಿ. ಮುಖ್ಯ ಬಂದರುಗಳಲ್ಲಿ ಹಡಗು ಸಾಮಾನ್ಯವಾಗಿ ಧಕ್ಕೆಗೇ ತಾಗುತ್ತದೆ. ಜೂನೋದಿಂದ ಸುಮಾರು 20 ಕಿ.ಮೀ. ದೂರದ ಮೆಂಡನ್‌ಹಾಲ್ ಹಿಮನದಿಯ ಎದುರು ಗಾಲಿಕುರ್ಚಿ ಹೋಗುವಂಥ ಗಟ್ಟಿ ಹಾದಿಯಿದೆ. ಸ್ಕ್ಯಾಗ್ವೇಯಿಂದ ಹೊರಡುವ ವೈಟ್ ಪಾಸ್ ರೈಲು ಚಿನ್ನ ಹುಡುಕುವವರ ಕಾಲದಲ್ಲಿ, 1898ರಿಂದ 1900ರೊಳಗೆ ಕಟ್ಟಿದ್ದು, ಇಪ್ಪತ್ತು ಮೈಲಿಯಲ್ಲಿ ಮೂರು ಸಾವಿರ ಅಡಿಯ ಹತ್ತಿರ ಏರುತ್ತದೆ. ಅದರ ಕೆಲವು ಬೋಗಿಗಳಲ್ಲಿ ಗಾಲಿಕುರ್ಚಿ ಎತ್ತುವ ಯಂತ್ರವಿದೆ, ಮುಂಚಿತವಾಗಿ ಹೇಳಿಡಬೇಕು. ಕೆಚಿಕನ್ ಮಾತ್ರ ನಮ್ಮ ಆಗುಂಬೆಯ ಬಂಧು, ಮಳೆ ಬಿಡುವುದಿಲ್ಲ. ಅಲ್ಲಿನ ಪ್ರಸಿದ್ಧ ಕ್ರೀಕ್ ಸ್ಟ್ರೀಟ್ ಎಂಬುದು ತೊರೆಯ ಮೇಲೆ ಕಂಬ ನೆಟ್ಟು ಹಾಸಿದ ಮರದ ಹಲಗೆಗಳ ಬೀದಿ. ಒದ್ದೆ ಹಲಗೆಯ ಮೇಲೆ ಚಕ್ರ ಜಾರುತ್ತದೆ. ನಾವು ಅರ್ಧ ಹೋಗಿ ಹಿಂದಿರುಗಿದೆವು.

ಆದರೆ ಇಡೀ ಪ್ರವಾಸದ ಹಿರಿಯ ದಿನ ಬಂದರಿನದಲ್ಲ. ಗ್ಲೇಸಿಯರ್ ಬೇ ಎಂಬ ಕೊಲ್ಲಿ 1980ರಿಂದ ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ವಿಹಾರ ನೌಕೆಗಳಿಗೆ ಒಳಗೆ ಪ್ರವೇಶ. ಎಲ್ಲ ಕಂಪನಿಗಳ ಹಡಗುಗಳೂ ಅಲ್ಲಿಗೆ ಹೋಗುವುದಿಲ್ಲವಾದ್ದರಿಂದ ಟಿಕೆಟ್ ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಅಲ್ಲಿ ಹಡಗು ಎಲ್ಲಿಯೂ ನಿಲ್ಲುವುದಿಲ್ಲ, ಯಾರೂ ಇಳಿಯುವುದಿಲ್ಲ. ಉದ್ಯಾನದ ರೇಂಜರ್‌ಗಳೇ ದೋಣಿಯಲ್ಲಿ ಬಂದು ಹಡಗು ಹತ್ತಿ ವಿವರಣೆ ನೀಡುತ್ತಾರೆ. ಮಾರ್ಜರಿ ಹಿಮನದಿಯ ಎದುರು, ಒಂದು ಮೈಲಿ ಅಗಲದ ನೀಲಿ ಗೋಡೆಯ ಮುಂದೆ, ಹಡಗು ನಿಧಾನವಾಗಿ ತನ್ನ ಸುತ್ತ ತಾನೇ ತಿರುಗುತ್ತದೆ, ಎರಡೂ ಬದಿಯವರಿಗೆ ಕಾಣಲೆಂದು. ಹಿಮ ಸೀಳುವ ಸದ್ದು ಗುಡುಗಿನಂತೆ ಕೇಳಿ ಒಂದು ಗಳಿಗೆಯ ಬಳಿಕ ಚೂರು ಕಳಚಿ ನೀರಿಗೆ ಬೀಳುತ್ತದೆ. ಎರಡು ಸಾವಿರ ಜನ ಒಂದೇ ಕಡೆ ನಿಂತು ಒಂದೇ ನೋಟ ನೋಡುವ ಆ ದಿನ, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ, ನನ್ನ ಪತ್ನಿಗೆ ನಾನು ವಿವರಿಸಿ ಹೇಳಬೇಕಾದುದು ಏನೂ ಇರಲಿಲ್ಲ.

ಒಂದು ಸೂಕ್ಷ್ಮವಿದೆ. ಹಡಗಿನ ಅಂಚಿನ ಕಟಕಟೆಯ ಮೇಲ್ಪಟ್ಟಿ ಕುರ್ಚಿಯಲ್ಲಿ ಕುಳಿತವರ, ಅದರಲ್ಲೂ ಕುಳ್ಳಗಿನವರ, ಕಣ್ಣಿಗೆ ಸರಿಯಾಗಿ ಅಡ್ಡ ಬರುತ್ತದೆ. ಕಬ್ಬಿಣದ ತಡೆಗೋಡೆಯಾದರೆ ನೋಟವೇ ಇಲ್ಲ, ಗಾಜಿನದಾದರೆ ಚೆನ್ನು. ಬೆಳಗ್ಗೆ ಜನ ಸೇರುವ ಮುನ್ನ ಗಾಜಿನ ಕಟಕಟೆಯ ಜಾಗ ಹುಡುಕಿಟ್ಟುಕೊಳ್ಳಬೇಕು. ಮೇಲಿನ ಅಟ್ಟಕ್ಕೆ ಹೋಗುವ ಬಾಗಿಲುಗಳಲ್ಲಿ ಗುಂಡಿ ಒತ್ತಿದರೆ ತೆರೆಯುವಂಥವು ಯಾವುವೆಂಬುದನ್ನೂ ಮೊದಲ ದಿನವೇ ತಿಳಿದಿರಬೇಕು. ಉಳಿದವು ಗಾಳಿಯ ಒತ್ತಡಕ್ಕೆ ಒಬ್ಬರ ಕೈಯಿಂದ ತೆರೆಯುವಂಥವಲ್ಲ.

ಸಿಬ್ಬಂದಿ ಮಾಡದ ಕೆಲಸ

ಜಾಹೀರಾತಿನಲ್ಲಿ ಬರುವ ನಗುಮೊಗದ ಸಿಬ್ಬಂದಿ ಕುರ್ಚಿ ತಳ್ಳುತ್ತಾರೆ, ತಟ್ಟೆ ಹಿಡಿದು ಬರುತ್ತಾರೆ, ಸಾಲಿನಲ್ಲಿ ಮುಂದೆ ಬಿಡುತ್ತಾರೆ. ಆದರೆ ಮಂಚದಿಂದ ಎತ್ತುವುದು, ಸ್ನಾನ, ಶೌಚ, ಉಡುಪು ಇವು ಅವರ ಕೆಲಸವಲ್ಲ, ಕೇಳಿದರೂ ಮಾಡುವಂತಿಲ್ಲ. ಮನೆಯಲ್ಲಿ ಆಳೋ ದಾದಿಯೋ ಬಂದು ಮಾಡುವ ಕೆಲಸವೆಲ್ಲ ಹಡಗಿನಲ್ಲಿ ಸಂಗಾತಿಯ ಪಾಲು. ಭಾರತದ ಮನೆಗಳಲ್ಲಿ ಈ ನೆರವು ಸುಲಭವಾಗಿ ಸಿಗುವುದರಿಂದ ನಾವು ನಮ್ಮ ಬೆನ್ನಿನ ಬಲವನ್ನು ಹೆಚ್ಚಾಗಿ ಅಂದಾಜು ಮಾಡುತ್ತೇವೆ. ಹೊರಡುವ ಮುನ್ನ ಒಂದು ವಾರ ಆಳನ್ನು ಬಿಡಿಸಿ ಎಲ್ಲವನ್ನೂ ತಾನೇ ಮಾಡಿ ನೋಡುವುದು ಗಂಡನಾಗಲಿ ಹೆಂಡತಿಯಾಗಲಿ ಕೊಟ್ಟುಕೊಳ್ಳಬೇಕಾದ ಪರೀಕ್ಷೆ. ಎತ್ತುಯಂತ್ರ, ಸ್ನಾನದ ಕುರ್ಚಿ, ಎತ್ತರಿಸಿದ ಶೌಚಾಸನಗಳನ್ನು ಬಾಡಿಗೆಗೆ ಕೊಟ್ಟು ಹೊರಡುವ ಬಂದರಿನಲ್ಲಿ ನೇರ ಕೋಣೆಗೇ ಮುಟ್ಟಿಸುವ ಸಂಸ್ಥೆಗಳು ಅಮೆರಿಕದ, ಯೂರೋಪಿನ ದೊಡ್ಡ ಬಂದರುಗಳಲ್ಲಿವೆ. ಖರ್ಚು ಆಗುತ್ತದೆ. ಏಳನೆಯ ರಾತ್ರಿ ಬೆನ್ನು ಹಿಡಿದುಕೊಂಡು ಇಬ್ಬರೂ ಮಲಗುವುದಕ್ಕಿಂತ ವಾಸಿ.

ನಮ್ಮಲ್ಲಿ ಯಾರೂ ಬಾಯಿಬಿಟ್ಟು ಆಡದ ಇನ್ನೊಂದು ವಿಷಯ ಸಂಗಾತಿಯ ಬಿಡುವು. ಹಡಗಿನಲ್ಲಿ ಎರಡನೆಯ ದಿನ ಮಧ್ಯಾಹ್ನ ನನಗೆ ನಿದ್ದೆ ಹತ್ತಿತು. ಎದ್ದಾಗ ಕೋಣೆಯಲ್ಲಿ ಪತ್ನಿ ಇರಲಿಲ್ಲ, ಕುರ್ಚಿಯೂ ಇರಲಿಲ್ಲ. ಗಾಬರಿಯಿಂದ ಮೂರು ಅಂತಸ್ತು ಹುಡುಕಿದೆ. ಗ್ರಂಥಾಲಯದ ಕಿಟಕಿಯ ಬಳಿ ಚಹಾ ಹಿಡಿದು ಕುಳಿತಿದ್ದಳು. "ಎಲ್ಲಾ ಕಡೆ ಹುಡುಕಿದೆ, ಹೇಳಿ ಹೋಗಬಾರದಿತ್ತೆ?" ಎಂದರೆ, "ಹೇಳಿದ್ದರೆ ನೀವೂ ಬರುತ್ತಿದ್ದಿರಿ" ಎಂದಳು. ನಮ್ಮ ಜಯನಗರದ ಮನೆಯ ಗೇಟಿನಿಂದ ಹೊರಗೆ ಅವಳು ಒಬ್ಬಳೇ ಹೋದುದು ನನಗೆ ನೆನಪಿಲ್ಲ. ಕಾಲುದಾರಿಯೇ ಇಲ್ಲದ ಮೇಲೆ ಹೋಗುವುದೆಲ್ಲಿಗೆ? ಸಮತಟ್ಟಾದ ನೆಲ, ತಾನಾಗಿ ತೆರೆಯುವ ಬಾಗಿಲು, ಕೈಗೆಟುಕುವ ಲಿಫ್ಟ್ ಗುಂಡಿ ಇಷ್ಟಿದ್ದರೆ ಸಾಕಾಗಿತ್ತು. ಆ ಬಳಿಕ ದಿನಕ್ಕೆ ಎರಡು ಗಂಟೆ ಅವಳದು ಅವಳಿಗೆ, ನನ್ನದು ನನಗೆ ಎಂದು ಒಪ್ಪಂದವಾಯಿತು. ಮೊದಲ ದಿನ ಆ ಎರಡು ಗಂಟೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಗಂಟೆ ಮೊಳಗಿದರೆ

ಅಹಿತವಾದರೂ ಆಡಲೇಬೇಕಾದ ಮಾತು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ವಾಲಿ 32 ಮಂದಿ ಸತ್ತರು. ಆ ದಿನ ಹಡಗು ಹತ್ತಿದ್ದ ನೂರಾರು ಮಂದಿಗೆ ತಾಲೀಮು ಇನ್ನೂ ನಡೆದಿರಲಿಲ್ಲ. ಅದರ ಬಳಿಕ ಅಂತರರಾಷ್ಟ್ರೀಯ ನಿಯಮ ತಿದ್ದುಪಡಿಯಾಗಿ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಸುರಕ್ಷತಾ ತಾಲೀಮು ಕಡ್ಡಾಯವೆಂಬುದು 2015ರಿಂದ ಜಾರಿಯಲ್ಲಿದೆ.

ಅಪಾಯ ಕಾಲದಲ್ಲಿ ಲಿಫ್ಟ್ ಬಳಸುವಂತಿಲ್ಲ. ಗಾಲಿಕುರ್ಚಿಯವರನ್ನು ಮೆಟ್ಟಿಲಿನಲ್ಲಿ ಜಾರಿಸಿ ಇಳಿಸುವ ವಿಶೇಷ ಕುರ್ಚಿಗಳೊಡನೆ ಸಿಬ್ಬಂದಿಯೇ ಬರುತ್ತಾರೆ. ಯಾರ ಕೋಣೆಗೆ ಬರಬೇಕೆಂಬ ಪಟ್ಟಿಯಲ್ಲಿ ನಮ್ಮ ಹೆಸರಿರಬೇಕು, ಅಷ್ಟೆ. ಹತ್ತಿದ ದಿನವೇ ಸ್ವಾಗತ ಮೇಜಿಗೆ ಹೋಗಿ ಪಟ್ಟಿಯಲ್ಲಿ ಹೆಸರು ಇದೆಯೇ, ಬರುವವರು ಯಾರು, ನಾವು ಕೋಣೆಯಲ್ಲೇ ಕಾಯಬೇಕೇ ಎಂದು ಕೇಳುವುದು ಅನುಮಾನದ ಲಕ್ಷಣವಲ್ಲ. ನಮ್ಮ ಹಡಗಿನ ಅಧಿಕಾರಿ ಕೋಣೆಗೇ ಬಂದು, ದಾರಿ ತೋರಿಸಿ, ಕುರ್ಚಿಯ ಅಗಲ ಅಳೆದು ಬರೆದುಕೊಂಡು ಹೋದರು.

ನಮ್ಮ ಕಡಲಿನಲ್ಲಿ

ಅಲಾಸ್ಕಾದವರೆಗೆ ಹೋಗಲಾಗದವರಿಗೆ ಹತ್ತಿರದ ದಾರಿಯೂ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳತ್ತ ದೇಶೀಯ ವಿಹಾರ ನೌಕೆಗಳ ಯಾನ ಆರಂಭವಾಯಿತು. ವೀಸಾ ಬೇಡ, ಊಟದ ಚಿಂತೆಯಿಲ್ಲ. ಆದರೆ ಲಕ್ಷದ್ವೀಪ ಹವಳದ ದಿಬ್ಬಗಳ ನಾಡು, ದೊಡ್ಡ ಹಡಗು ಹೊರಗೇ ನಿಂತು ದೋಣಿಯಲ್ಲೇ ದಡ ಸೇರಬೇಕು. ಮೇಲೆ ಹೇಳಿದ ಆ ಒಂದು ಹೆಜ್ಜೆ ಇಲ್ಲಿಯೂ ಇದೆ.

ನಮ್ಮ ಕಾನೂನು ಏನೆನ್ನುತ್ತದೆ? 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 41ನೆಯ ಕಲಂ ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳನ್ನು ಹೆಸರಿಸುತ್ತದೆ. ಬಂದರಿನ ಹೆಸರು ಅಲ್ಲಿಲ್ಲ. "ಎಲ್ಲ ಬಗೆಯ ಸಾರಿಗೆ" ಎಂಬ ಮಾತಿನೊಳಗೆ ಹಡಗೂ ಅಡಗಿದೆ ಎಂದು ವಾದಿಸಬಹುದು, ತಾಂತ್ರಿಕವಾಗಿ ಸಾಧ್ಯವಿದ್ದಲ್ಲಿ ಎಂಬ ಷರತ್ತಿನೊಂದಿಗೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡಗಳು ಬರಿಯ ಸಲಹೆಯಾಗಿರುವುದು ಕಾಯಿದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಹಡಗಿನ ಸೇತುಪಟ್ಟಿ ಆ ನಿಯಮಗಳ ಕಣ್ಣಿಗೆ ಬೀಳಬೇಕು.

ಪ್ರಶ್ನೆಯನ್ನು ತಿರುಗಿಸಿಯೂ ನೋಡಬಹುದು. ಹಂಗಾಮಿನಲ್ಲಿ ನವಮಂಗಳೂರು ಬಂದರಿಗೆ ವಿದೇಶಿ ವಿಹಾರ ನೌಕೆಗಳು ಬರುತ್ತವೆ. ಇಳಿಯುವವರಲ್ಲಿ ಬಹಳ ಮಂದಿ ವಯಸ್ಸಾದವರು, ಕೆಲವರು ಗಾಲಿಕುರ್ಚಿಯವರು. ಅವರನ್ನು ಒಯ್ಯುವ ಸ್ಥಳಗಳಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಿದೆ, ಕಾರ್ಕಳದ ಗೊಮ್ಮಟನಿದ್ದಾನೆ. ಬಸದಿಗೆ ಮೆಟ್ಟಿಲು, ಗೊಮ್ಮಟನಿಗೆ ಬೆಟ್ಟ. ಗಾಲಿಕುರ್ಚಿ ಎತ್ತುವ ಯಂತ್ರವಿರುವ ಒಂದು ಬಸ್ಸು ಧಕ್ಕೆಯ ಬಳಿ ಸಿದ್ಧವಿದ್ದರೆ, ಕನಿಷ್ಠ ಬಸದಿಯ ಅಂಗಳದವರೆಗಾದರೂ ಅವರು ಜೊತೆಯವರೊಡನೆ ಹೋಗಬಹುದು. ಇಲ್ಲವಾದರೆ ದಂಪತಿಯಲ್ಲಿ ಒಬ್ಬರು ಪಣಂಬೂರಿನಲ್ಲಿ ಹಡಗಿನ ಕಿಟಕಿಯಿಂದ ಅದಿರಿನ, ಕಲ್ಲಿದ್ದಲಿನ ರಾಶಿ ನೋಡುತ್ತ ಕೂರುತ್ತಾರೆ.

ಈ ವರ್ಷ ಪತ್ನಿಗೆ ಲಕ್ಷದ್ವೀಪದ ಆಸೆ. ಟೆಂಡರ್ ವಿಷಯ ವಿವರಿಸಿದೆ. "ನೀವು ದ್ವೀಪ ನೋಡಿಕೊಂಡು ಬನ್ನಿ, ನಾನು ಹಡಗಿನಲ್ಲಿ ಪುಸ್ತಕ ಓದುತ್ತಿರುತ್ತೇನೆ, ನನಗೇನೂ ಬೇಸರವಿಲ್ಲ" ಎಂದಳು. ನಾನು ಇಳಿದರೆ ಅವಳಿಗೆ ಬೇಸರವಾದೀತೆಂದು ನನಗೆ, ನಾನು ಇಳಿಯದಿದ್ದರೆ ತನ್ನಿಂದಾಗಿ ಉಳಿದನಲ್ಲ ಎಂದು ಅವಳಿಗೆ. ಎರಡು ತಿಂಗಳಿನಿಂದ ಇದೇ ಮಾತು ನಡೆದಿದೆ. ಟಿಕೆಟ್ ಇನ್ನೂ ಕೊಂಡಿಲ್ಲ.